ಗಡ್ಡೆಯೊಳಗಿನ ಬಿಳಿ ರಕ್ತಕಣ ಯಾರ ಪರ?

ಪ್ರಶ್ನೆ: ನಮ್ಮ ಅಮ್ಮನಿಗೆ 54 ವರ್ಷ. ಸ್ತನ ಕ್ಯಾನ್ಸರ್, ಟ್ರಿಪಲ್ ನೆಗೆಟಿವ್ ಬಗೆಯದು. ಬಯಾಪ್ಸಿ ರಿಪೋರ್ಟಿನಲ್ಲಿ ‘ಟಿಐಎಲ್ 40%’ ಎಂದಿತ್ತು. ಗಡ್ಡೆಯೊಳಗೆ ಬಿಳಿ ರಕ್ತಕಣಗಳು ಸೇರಿಕೊಂಡಿವೆ, ಒಳ್ಳೆಯ ಲಕ್ಷಣ ಅಂದರು ಡಾಕ್ಟರು. ಎರಡನೇ ಕೀಮೋ ಆದ ಮೇಲೆ ರಕ್ತದಲ್ಲಿ ಬಿಳಿ ಕಣ 1,800ಕ್ಕೆ ಇಳಿದಿದೆ. ಬಿಳಿ ಕಣಗಳು ಕ್ಯಾನ್ಸರನ್ನು ಕೊಲ್ಲುತ್ತವೆ ಅನ್ನುವುದಾದರೆ ಗಡ್ಡೆ ಬೆಳೆದದ್ದು ಹೇಗೆ? ಅಮೃತಬಳ್ಳಿ ಕಷಾಯ ಕೊಟ್ಟು ಕಣ ಹೆಚ್ಚಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತುರ್ತಿನ ಮಾತು ಮೊದಲು. ಆ 1,800ರಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಯ ಬಿಳಿ ಕಣ ಎಷ್ಟಿವೆ ಎಂದು ಇವತ್ತೇ ಡಾಕ್ಟರನ್ನು ಕೇಳಿ. ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದ ಹೊತ್ತಿಗೆ ಈ ಕಣಗಳು ತಳ ಮುಟ್ಟುವುದು ಸಾಮಾನ್ಯ. ಆ ದಿನಗಳಲ್ಲಿ ಜ್ವರ 100.4 ಡಿಗ್ರಿಗೆ ಏರಿದರೆ ರಾತ್ರಿ ಎರಡು ಗಂಟೆಯಾಗಿದ್ದರೂ ಆಸ್ಪತ್ರೆಗೆ ಹೊರಡಿ. ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಹಾಗೆ ಕಾದು ಜೀವಕ್ಕೇ ಸಂಚಕಾರ ತಂದುಕೊಂಡವರನ್ನು ಕಂಡಿದ್ದೇನೆ.

ಇನ್ನು ನಿಮ್ಮ ಪ್ರಶ್ನೆ. ರಕ್ತದ 1,800 ಮತ್ತು ಬಯಾಪ್ಸಿಯ 40 ಬೇರೆ ಬೇರೆ ಲೆಕ್ಕ. ರಕ್ತದಲ್ಲಿ ಎಣಿಸುವ ಬಿಳಿ ಕಣಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚಿನವು ನ್ಯೂಟ್ರೋಫಿಲ್. ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ತಡೆಯುವುದು ಅವುಗಳ ಮುಖ್ಯ ಕೆಲಸ. ಬಯಾಪ್ಸಿಯಲ್ಲಿ ಕಂಡದ್ದು ಲಿಂಫೋಸೈಟ್ ಎಂಬ ಬೇರೆ ಬಗೆಯ ಬಿಳಿ ಕಣ. ಗಡ್ಡೆಯ ತೆಳು ಪದರಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕ್ಯಾನ್ಸರ್ ಕೋಶಗಳು ದಪ್ಪದಪ್ಪಗೆ, ಒಂದರಂತೆ ಇನ್ನೊಂದಿಲ್ಲದೆ, ಗುಂಪುಗುಂಪಾಗಿ ಕಾಣುತ್ತವೆ. ಆ ಗುಂಪುಗಳ ನಡುವೆ ತಿಳಿಗುಲಾಬಿ ನಾರಿನ ಜಾಗ. ಅಲ್ಲಿ ರಾಗಿ ಚೆಲ್ಲಿದ ಹಾಗೆ ಪುಟ್ಟ ದುಂಡನೆಯ ಕಡುನೀಲಿ ಚುಕ್ಕೆಗಳು, ಅವೇ ಲಿಂಫೋಸೈಟ್. ಆ ಜಾಗದ ನೂರಕ್ಕೆ ನಲವತ್ತು ಪಾಲನ್ನು ಅವು ತುಂಬಿವೆ ಅಂತ ನಿಮ್ಮ ರಿಪೋರ್ಟಿನ ಅರ್ಥ. ಕೆಲವರ ಗಡ್ಡೆಯಲ್ಲಿ ಅವು ಅಂಚಿನಲ್ಲೇ, ಬೇಲಿಯಾಚೆ ನಿಂತವರ ಹಾಗೆ ನಿಂತುಬಿಟ್ಟಿರುತ್ತವೆ. ಇನ್ನು ಕೆಲವರಲ್ಲಿ ಹುಡುಕಿದರೂ ಸಿಗುವುದಿಲ್ಲ. ಟ್ರಿಪಲ್ ನೆಗೆಟಿವ್, ಅಂದರೆ ಈಸ್ಟ್ರೋಜನ್ ಗ್ರಾಹಕ, ಪ್ರೊಜೆಸ್ಟರಾನ್ ಗ್ರಾಹಕ, ಹರ್2 ಎಂಬ ಮೂರು ಗುರುತೂ ಕಾಣದ ಬಗೆಯಲ್ಲಿ ಇವು ಹೆಚ್ಚಿದ್ದವರಿಗೆ ಕೀಮೋ ಚೆನ್ನಾಗಿ ನಾಟುತ್ತದೆ, ಕಾಯಿಲೆ ಮರುಕಳಿಸುವ ಸಾಧ್ಯತೆಯೂ ಕಡಿಮೆ. ಡಾಕ್ಟರು ನಿಮ್ಮ ಸಮಾಧಾನಕ್ಕೆಂದು ಹೇಳಿದ ಮಾತಲ್ಲ ಅದು.

ಆದರೂ ಗಡ್ಡೆ ಬೆಳೆಯಿತಲ್ಲ? ಒಳಗೆ ಸೇರಿದವರೆಲ್ಲ ಒಂದೇ ಪಕ್ಷದವರಲ್ಲ. ಆ ನೀಲಿ ಚುಕ್ಕೆಗಳಲ್ಲಿ ಕೊಲ್ಲುವ ಟಿ ಕೋಶ ಇರುತ್ತದೆ. ಕ್ಯಾನ್ಸರ್ ಕೋಶಕ್ಕೆ ಅಂಟಿಕೊಂಡು, ಅದರ ಪೊರೆ ತೂತು ಮಾಡಿ ಸಾಯಿಸುತ್ತದೆ. ಪಕ್ಕದಲ್ಲೇ ನಿಯಂತ್ರಕ ಟಿ ಕೋಶವೂ ಇರುತ್ತದೆ. ‘ಸಾಕು, ಬಿಡು’ ಅನ್ನುವುದು ಅದರ ಕೆಲಸ. ಮಾಮೂಲಿ ಬಣ್ಣದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಿಯಂತ್ರಕ ಕೋಶ ಕೆಟ್ಟದ್ದಲ್ಲ. ಅದಿಲ್ಲದಿದ್ದರೆ ನಮ್ಮ ಟಿ ಕೋಶಗಳು ನಮ್ಮದೇ ಥೈರಾಯ್ಡನ್ನು, ಕರುಳನ್ನು ಹರಿದು ಹಾಕುತ್ತವೆ. ಅದರ ಕುರಿತ ಸಂಶೋಧನೆಗೇ ಶಿಮೊನ್ ಸಕಾಗುಚಿ, ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ಬಂತು. ಗಡ್ಡೆ ಮಾಡುವುದೇನೆಂದರೆ, ಈ ಕೋಶಗಳನ್ನು ತನ್ನ ಸುತ್ತ ಕರೆಸಿಕೊಂಡು ತನಗೇ ಕಾವಲು ಇರಿಸಿಕೊಳ್ಳುತ್ತದೆ.

ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಮ್ಯಾಕ್ರೋಫೇಜ್ ಎಂಬ ಇನ್ನೊಂದು ಬಿಳಿ ಕಣ. ಕೈ ಕೊಯ್ದುಕೊಂಡಾಗ ಮೊದಲು ಕೊಳೆ, ಕ್ರಿಮಿ ನುಂಗುತ್ತದೆ. ಆಮೇಲೆ ಗುಣ ಬದಲಿಸಿ ಹೊಸ ರಕ್ತನಾಳ ಚಿಗುರಿಸಿ, ಜಗಳ ತಣಿಸಿ, ಗಾಯ ಮಾಯಿಸುತ್ತದೆ. ಗಡ್ಡೆಯನ್ನು ‘ಮಾಯದ ಗಾಯ’ ಎಂದು ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲೇ ಹೇಳಿದ್ದರು. ಗಾಯವಿದೆ, ಬಾ ಎಂದು ಗಡ್ಡೆ ಕರೆಯುತ್ತಲೇ ಇರುತ್ತದೆ. ಬಂದ ಮ್ಯಾಕ್ರೋಫೇಜ್ ಮಾಯಿಸುವ ಕೆಲಸಕ್ಕೆ ಇಳಿದು, ಗಡ್ಡೆಗೇ ರಕ್ತನಾಳ ಕಟ್ಟಿಕೊಡುತ್ತದೆ, ಟಿ ಕೋಶವನ್ನು ಸುಮ್ಮನಾಗಿಸುತ್ತದೆ. ಇದು ಸಾಲದೆಂಬಂತೆ ಟಿ ಕೋಶದ ಮೈಮೇಲೇ ಪಿಡಿ-1 ಎಂಬ ಬ್ರೇಕ್ ಇದೆ, ಗಡ್ಡೆ ಅದನ್ನೂ ಒತ್ತುತ್ತದೆ. ಆ ಬ್ರೇಕ್ ಬಿಡಿಸುವ ಪೆಂಬ್ರೋಲಿಜುಮ್ಯಾಬ್ ಔಷಧಿಯನ್ನು ಟ್ರಿಪಲ್ ನೆಗೆಟಿವ್‌ನಲ್ಲಿ ಆಪರೇಷನ್‌ಗೆ ಮುಂಚೆ ಕೀಮೋ ಜೊತೆ ಕೊಡುವುದುಂಟು. ದುಬಾರಿ, ಎಲ್ಲರಿಗೂ ಬೇಕಾಗದು. ಅಮ್ಮನಿಗೆ ಬೇಕೇ ಎಂದು ಕೇಳುವ ಹಕ್ಕು ನಿಮಗಿದೆ.

ಕಷಾಯ ಬೇಡ. ಯಾವ ಬಿಳಿ ಕಣ ಹೆಚ್ಚಬೇಕು, ಯಾವುದು ಹೆಚ್ಚಬಾರದು ಎಂದು ಅದಕ್ಕೆ ಹೇಳಿಕೊಡುವವರು ಯಾರು? 2020ರ ಕೊನೆಯ ತಿಂಗಳುಗಳಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಲಿವರ್ ಊದಿ ಕಾಮಾಲೆ ಆದದ್ದನ್ನು ಮುಂಬೈನ ವೈದ್ಯರು ದಾಖಲಿಸಿದ್ದಾರೆ. ಕೀಮೋ ನಡುವೆ ಲಿವರ್ ಕೆಟ್ಟರೆ ಚಿಕಿತ್ಸೆಯೇ ನಿಲ್ಲುತ್ತದೆ. ಕಣ ತೀರಾ ಇಳಿದರೆ ಡಾಕ್ಟರು ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದು ಕೊಡುತ್ತಾರೆ. ಅದು ಏರಿಸುವುದು ನ್ಯೂಟ್ರೋಫಿಲ್ ಅನ್ನು, ಸೋಂಕು ತಡೆಯಲಿಕ್ಕೆ. ಗಡ್ಡೆಗೆ ಮದ್ದು ಕೀಮೋನೇ. ಅಮ್ಮನಿಗೆ ಬಿಸಿಬಿಸಿ ಮುದ್ದೆ, ಬೇಳೆ ಸಾರು, ಚೆನ್ನಾಗಿ ಬೇಯಿಸಿದ ಮೊಟ್ಟೆ ಕೊಡಿ. ಬರುವವರು ಕೈ ತೊಳೆದು ಬರಲಿ.

ಪ್ರಶ್ನೆ: ತಂದೆಗೆ ಜಠರದ ಕ್ಯಾನ್ಸರ್. ಬಿಳಿ ಕಣಗಳನ್ನೇ ಹೊರತೆಗೆದು ತಿದ್ದಿ ಮತ್ತೆ ಕೊಡುವ ಕಾರ್-ಟಿ ಚಿಕಿತ್ಸೆ ಈಗ ಭಾರತದಲ್ಲೇ ಸಿಗುತ್ತದಂತೆ. ಮಾಡಿಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಸಿಗುವುದು ನಿಜ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯವರ ದುಡಿಮೆಯಿಂದ ಬಂದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಸಿಡಿ19 ಎಂಬ ಗುರುತು ಹೊತ್ತ ಬಿ ಕೋಶಗಳ (ಇವೂ ಒಂದು ಬಗೆಯ ಲಿಂಫೋಸೈಟ್) ರಕ್ತ ಕ್ಯಾನ್ಸರ್, ಲಿಂಫೋಮಾಗಳಿಗೆ. ಜಠರದ ಗಡ್ಡೆಯಲ್ಲಿ ಆ ಗುರುತಿಲ್ಲ. ಬೇರೆ ಗುರುತು ಹಿಡಿದು ಟಿ ಕೋಶ ಕಳಿಸಿದರೂ, ಮೇಲೆ ಹೇಳಿದ ಮ್ಯಾಕ್ರೋಫೇಜ್, ನಿಯಂತ್ರಕ ಕೋಶಗಳು ಒಳಗೆ ಅದನ್ನು ದಣಿಸುತ್ತವೆ. ತಂದೆಯವರ ಬಯಾಪ್ಸಿ ತುಣುಕಿನ ಮೇಲೆ ಎಂಎಸ್‌ಐ, ಪಿಡಿ-ಎಲ್1, ಹರ್2 ಪರೀಕ್ಷೆ ಆಗಿದೆಯೇ ನೋಡಿ. ಮೊದಲನೆಯದು ಗಡ್ಡೆಯಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆ ಕೆಟ್ಟಿದೆಯೇ ಎಂದು ತಿಳಿಸುತ್ತದೆ, ಎರಡನೆಯದು ಮೇಲೆ ಹೇಳಿದ ಪಿಡಿ-1 ಬ್ರೇಕ್ ಒತ್ತುವ ಪ್ರೋಟೀನು, ಮೂರನೆಯದು ಕ್ಯಾನ್ಸರ್ ಕೋಶದ ಮೇಲಿನ ಒಂದು ಗುರುತು. ಆಗಿಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಈ ಮೂರು ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ. ಅವರಿಗೆ ಯಾವ ಔಷಧಿ ಹೊಂದುತ್ತದೆ ಎಂಬುದು ಬಹುಮಟ್ಟಿಗೆ ಆ ಉತ್ತರಗಳ ಮೇಲೆ ನಿಂತಿದೆ.