ಬನ್ನಿ ತಂಗಿ, ಕಪ್ಪು ಅಂಗಿ ಮಾತ್ರ ಊರಲ್ಲೇ ಬಿಟ್ಟು ಬನ್ನಿ

ದಾವಣಗೆರೆಯಿಂದ ಬರೆದ ತಂಗಿಗೆ,

ನಿಮ್ಮ ಯಜಮಾನರಿಗೆ ಹಾಂಗ್ ಕಾಂಗ್‌ನಲ್ಲಿ ಕೆಲಸ ಸಿಕ್ಕಿದೆ. ಸೆಪ್ಟೆಂಬರ್ ಮೊದಲ ವಾರ ಆರು ವರ್ಷದ ಮಗನ ಜೊತೆ ಹೊರಡಬೇಕು. ಆದರೆ ಟಿವಿ ಹಾಕಿದರೆ ಅಲ್ಲಿನ ಸರ್ಕಾರದ ವಿರುದ್ಧದ ಚಳವಳಿಯದ್ದೇ ಸುದ್ದಿ: ಹೊಗೆ, ಲಾಠಿ, ಓಡುವ ಜನ. ಅತ್ತೆ ಬೇಡ ಅನ್ನುತ್ತಿದ್ದಾರೆ. 'ಮಕ್ಕಳನ್ನ ಇಟ್ಕೊಂಡು ಅಲ್ಲಿ ಹೇಗಿದ್ದೀರಿ ಅಕ್ಕ, ನಿಜ ಹೇಳಿ' ಅಂತ ಕೇಳಿದ್ದೀರಿ. ಇವತ್ತು 2019ರ ಆಗಸ್ಟ್ 27. ಇವತ್ತಿನವರೆಗೆ ನಾನು ಕಂಡದ್ದನ್ನು ಹೇಳುತ್ತೇನೆ. ನಾಳೆಯದು ಇಲ್ಲಿ ಯಾರಿಗೂ ಗೊತ್ತಿಲ್ಲ.

ನಾವು ಹಾಸನದವರು. ಇಲ್ಲಿಗೆ ಬಂದು ಹನ್ನೊಂದು ವರ್ಷ. ಹಂಗ್ ಹಾಮ್‌ನ ವಾಂಪೋವ ಗಾರ್ಡನ್‌ನಲ್ಲಿ ಮನೆ. ಹಿಂದೆ ಹಡಗು ಕಟ್ಟುತ್ತಿದ್ದ ಜಾಗ ಇದು. ಈಗ 88 ಕಟ್ಟಡ, ನಡುವೆ ಹಡಗಿನ ಆಕಾರದ್ದೇ ಒಂದು ದೊಡ್ಡ ಮಾಲ್. ನಮ್ಮ ದೇಶದವರು ಬೇಕಾದಷ್ಟು ಜನ ಇದ್ದಾರೆ. ಸಂಜೆ ಕೆಳಗಿಳಿದರೆ ಹಿಂದಿ, ತಮಿಳು, ತೆಲುಗು ಎಲ್ಲ ಕಿವಿಗೆ ಬೀಳುತ್ತದೆ. ಅದೃಷ್ಟ ಇದ್ದರೆ ಕನ್ನಡವೂ.

ಊರಲ್ಲಿ ಮಳೆ ಹಿಡಿಯುವ ಹೊತ್ತಿಗೆ ಇಲ್ಲಿ ಬೇಸಿಗೆ. ಬಿಸಿಲು 32, 33 ಡಿಗ್ರಿ ಅಷ್ಟೇ. ಆದರೆ ಮೈ ಅಂಟುವ ಸೆಕೆ, ಥೇಟ್ ಮಂಗಳೂರಿನದು. ಮಕ್ಕಳಿಗೆ ರಜ. ಬೆಳಿಗ್ಗೆ ಬೇಗ ಎದ್ದು ಸಮುದ್ರದ ಕಟ್ಟೆ ಮೇಲೆ ಒಂದು ಸುತ್ತು. ಆಮೇಲೆ ಈಜುಕೊಳ. ಮಧ್ಯಾಹ್ನ ಲೈಬ್ರರಿ, ಅಲ್ಲಿ ಪುಕ್ಕಟೆ ಎಸಿ, ಪುಕ್ಕಟೆ ಪುಸ್ತಕ. ಸಂಜೆ ಕೆಳಗೆ ಸೈಕಲ್ಲು, ಶಟಲ್. ಈ ರಜೆಯಲ್ಲಿ ಇದು ತಪ್ಪಿದ್ದು ನಾಲ್ಕೋ ಐದೋ ದಿನ. ಅದರಲ್ಲೂ ಜುಲೈ 31ರದ್ದು ಗಲಾಟೆ ಅಲ್ಲ, ಚಂಡಮಾರುತ. ಎಂಟನೇ ನಂಬರ್ ಎಚ್ಚರಿಕೆ ಕೊಟ್ಟರೆ ಇಡೀ ಊರು ಬಾಗಿಲು ಹಾಕುತ್ತದೆ.

ಹಾಗಂತ ಏನೂ ಆಗಿಲ್ಲ ಅಂತ ಸುಮ್ನೆ ಸಮಾಧಾನ ಹೇಳಲಾರೆ. ಮೊನ್ನೆ ಭಾನುವಾರ ತ್ಸುಯೆನ್ ವಾನ್‌ನಲ್ಲಿ ಪೊಲೀಸರು ಆಕಾಶಕ್ಕೆ ಗುಂಡು ಹಾರಿಸಿದ್ದಾರೆ. ಈ ಚಳವಳಿಯಲ್ಲಿ ಅದೇ ಮೊದಲ ಸಲ. ಅವತ್ತು ರಾತ್ರಿ ನನಗೂ ನಿದ್ದೆ ಬರಲಿಲ್ಲ.

ನಮ್ಮ ಮನೆಗೆ ತಟ್ಟಿದ್ದು ಆಗಸ್ಟ್ 11ರ ಭಾನುವಾರ. ತೊಗರಿಬೇಳೆ, ಕರಿಬೇವು ತರೋಕೆ ಚಿಮ್ ಶಾ ಚುಯ್‌ನ ಚುಂಗ್‌ಕಿಂಗ್ ಮ್ಯಾನ್ಶನ್ಸ್‌ಗೆ ಹೋಗಿದ್ದೆ. ಏಳು ವರ್ಷದ ಮಗ ಜೊತೆಗಿದ್ದ. ಸಾಮಾನು ಕಟ್ಟಿಸಿ ಹೊರಗೆ ಬಂದರೆ ನಾಥನ್ ರೋಡಿನಲ್ಲಿ ಬಸ್ಸೇ ಇಲ್ಲ. ಸ್ವಲ್ಪ ದೂರ ನಡೆದೆವು. ಗಾಳಿ ಬೀಸಿತು ನೋಡಿ, ಒಣಮೆಣಸಿನಕಾಯಿ ಒಗ್ಗರಣೆ ಸೀದ ಹಾಗೆ ಗಂಟಲು ಹಿಡಿಯಿತು. ಪೊಲೀಸರ ಅಶ್ರುವಾಯು. ಹೊಗೆ ಕಣ್ಣಿಗೆ ಕಾಣಿಸಲೂ ಇಲ್ಲ. ಮಗ ಕಣ್ಣು ಉಜ್ಜಿಕೊಂಡು ಅಳೋಕೆ ಶುರು ಮಾಡಿದ. ಕಪ್ಪು ಅಂಗಿಯ ಹುಡುಗಿಯೊಬ್ಬಳು ಓಡಿ ಬಂದಳು. 'ಉಜ್ಜಬೇಡ' ಅಂತ ಅವನ ಕೈ ಹಿಡಿದಳು. ಬೆರಳುದ್ದದ ಪ್ಲಾಸ್ಟಿಕ್ ಟ್ಯೂಬಿನ ತುದಿ ಮುರಿದು ಸಲೈನ್ ನೀರು ಬಿಟ್ಟಳು. ಒಂದು ಕಣ್ಣಿಗೆ ಒಂದು ಟ್ಯೂಬು. ಇನ್ನೆರಡು ನನ್ನ ಕೈಗೆ ತುರುಕಿ, ಯಾವ ಗಲ್ಲಿಯಲ್ಲಿ ಹೋಗಬೇಕು ಅಂತ ತೋರಿಸಿ ಹೊರಟುಹೋದಳು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಆ ಎರಡು ಟ್ಯೂಬು ಈಗಲೂ ನನ್ನ ಬ್ಯಾಗಿನಲ್ಲಿವೆ.

ತಪ್ಪು ನನ್ನದೇ. ಅಲ್ಲಿ ಗಲಾಟೆ ಆಗಬಹುದು ಅಂತ ಗೊತ್ತಿದ್ದೂ ಭಾನುವಾರ ಸಂಜೆ ಮಗುವನ್ನು ಕರ್ಕೊಂಡು ಹೋಗಿದ್ದೆ. ನೀವು ಇದೊಂದು ತಿಳಿದುಕೊಳ್ಳಿ. ಇಲ್ಲಿ ಗಲಾಟೆ ಹೆಚ್ಚು ಪಾಲು ಹೇಳಿ ಕೇಳಿ ಬರುತ್ತದೆ. ಮೆರವಣಿಗೆ ಎಲ್ಲಿ, ಎಷ್ಟು ಗಂಟೆಗೆ ಅಂತ ಮೊದಲೇ ಎಲ್ಲರ ಫೋನಿಗೂ ಬಂದಿರುತ್ತದೆ. ಹೆಚ್ಚಾಗಿ ಶನಿವಾರ, ಭಾನುವಾರ. ಅದಕ್ಕೆ ನಾನೀಗ ವಾರದ ಸಾಮಾನು ಶುಕ್ರವಾರವೇ ತರುತ್ತೇನೆ. ಎಂಟಿಆರ್ ಅಂದರೆ ಇಲ್ಲಿ ಮೆಟ್ರೋ ರೈಲು. ಅದರ ಆ್ಯಪ್ ನೋಡದೆ ಮನೆ ಬಿಡುವುದಿಲ್ಲ. 24ರ ಶನಿವಾರ ಕ್ವುನ್ ಟೊಂಗ್‌ನಲ್ಲಿ ಮೆರವಣಿಗೆ ಇತ್ತು ಅಂತ ನಮ್ಮದೇ ಲೈನಿನ ಹಲವು ಸ್ಟೇಷನ್ ಮುಚ್ಚಿದ್ದರು. ಆಗಸ್ಟ್ 5ರ ಮುಷ್ಕರದ ದಿನ ನಮ್ಮ ಯಜಮಾನರು ದೋಣಿ ಹಿಡಿದು ಆಫೀಸಿಗೆ ಹೋದರು. ಹಂಗ್ ಹಾಮ್‌ನಿಂದ ನಾರ್ತ್ ಪಾಯಿಂಟ್‌ಗೆ ಫೆರ್ರಿ ಇದೆ, ರೈಲು ನಿಂತ ದಿನ ಅದೇ ನಮ್ಮ ಆಸರೆ.

17ನೇ ತಾರೀಕು ಮೆರವಣಿಗೆ ನಮ್ಮ ಬೀದಿ ಕಡೆಗೇ ಬಂತು. ಪಕ್ಕದ ಟೋ ಕ್ವಾ ವಾನ್‌ನವರ ಸಿಟ್ಟು ಬೇರೆಯೇ ಇತ್ತು. ಚೀನಾದಿಂದ ಬರುವ ಪ್ರವಾಸಿಗರ ಬಸ್ಸುಗಳು ಬೀದಿಯಲ್ಲಿ ಸಾಲುಗಟ್ಟಿ ನಿಂತು ಜನಕ್ಕೆ ಓಡಾಡೋಕೇ ಜಾಗ ಇಲ್ಲ ಅನ್ನುವುದು ಅವರ ದೂರು. ಅವತ್ತು ಅಂಗಡಿಗಳು ಬೇಗ ಶಟರ್ ಎಳೆದವು. ನಾವು ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ಇಟ್ಟು ಕೂತೆವು. ಸಂಜೆಗೆ ಗುಂಪು ಮೊಂಗ್ ಕಾಕ್ ಕಡೆ ಹೊರಟುಹೋಯಿತು. ಟವೆಲ್ ಒದ್ದೆ ಮಾಡಿದ್ದೇ ಬಂತು. ರಾತ್ರಿ ಊಟಕ್ಕೆ ಬಿಸಿಬೇಳೆಬಾತ್ ಮಾಡಿದೆ, ಮಕ್ಕಳು ಕೇರಂ ಆಡಿದರು.

ಇಷ್ಟನ್ನು ಅತ್ತೆಗೆ ಓದಿ ಹೇಳಿ. ಭಯ ಅರ್ಧ ಇಳಿಯಬಹುದು. ಇನ್ನು ಮುಂದಿನದು ನಿಮಗೆ. ನನ್ನ ಪ್ರಕಾರ ಇಲ್ಲಿ ಕಷ್ಟ ಅಶ್ರುವಾಯು ಅಲ್ಲ. ಅದಕ್ಕೆ ಹೊತ್ತು, ಜಾಗ ಇದೆ, ತಪ್ಪಿಸಿಕೊಳ್ಳಬಹುದು. ಅಕ್ಕಪಕ್ಕದ ಮನೆಯ ಸಂಕಟದಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ.

ನಮ್ಮ ಎದುರು ಮನೆಯಲ್ಲಿ ಒಬ್ಬರು ಅಜ್ಜಿ, ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು. ಇಲ್ಲಿ ಚಳವಳಿ ಕಡೆಯವರನ್ನು ಹಳದಿ, ಪೊಲೀಸರ ಕಡೆಯವರನ್ನು ನೀಲಿ ಅನ್ನುತ್ತಾರೆ. ಆ ಮನೆಯಲ್ಲಿ ಅಪ್ಪ ನೀಲಿ, ಮಗಳು ಹಳದಿ. ಜೂನ್‌ನಿಂದ ಇಬ್ಬರೂ ಒಂದೇ ಹೊತ್ತಿಗೆ ಊಟಕ್ಕೆ ಕೂತಿಲ್ಲ. ಹುಡುಗಿ ಹೊರಗೆ ಹೋದ ರಾತ್ರಿ ಅಜ್ಜಿ ಮರದ ಬಾಗಿಲು ತೆಗೆದು, ಕಬ್ಬಿಣದ ಗ್ರಿಲ್ ಮಾತ್ರ ಹಾಕಿ, ಸ್ಟೂಲ್ ಮೇಲೆ ಕೂತು ಲಿಫ್ಟ್ ಕಡೆ ನೋಡುತ್ತಾರೆ. 17ರ ರಾತ್ರಿ ನಾನೂ ನನ್ನ ಬಾಗಿಲಲ್ಲಿ ಕೂತೆ. ಒಂದೂವರೆಗೆ ಲಿಫ್ಟ್ ತೆರೆಯಿತು. ಹುಡುಗಿ ಬೆವರಲ್ಲಿ ತೊಯ್ದಿದ್ದಳು. ಅಜ್ಜಿ ಬೈಯಲಿಲ್ಲ. 'ಸಿಕ್ ಜೋ ಫಾನ್ ಮೇಯ್ ಆ?' ಅಂದರು. ಊಟ ಆಯ್ತಾ ಅಂತ. ಇಲ್ಲಿನವರು ಎದುರಿಗೆ ಸಿಕ್ಕಾಗ ಕೇಳೋ ಮಾತೇ ಇದು, ನಮ್ಮ ಕಡೆ ಕೇಳ್ತೀವಲ್ವಾ, ಹಾಗೆ. ಅವತ್ತು ಅದನ್ನು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು.

ಇದು ಶುರುವಾಗಿದ್ದು ಒಂದು ಮಸೂದೆಯಿಂದ. ಇಲ್ಲಿ ಹಿಡಿದವರನ್ನು ವಿಚಾರಣೆಗೆ ಚೀನಾಕ್ಕೂ ಕಳಿಸಬಹುದು ಅಂತ ಫೆಬ್ರವರಿಯಲ್ಲಿ ಸರ್ಕಾರ ಹೊರಟಿತ್ತು. ಜೂನ್ 9ಕ್ಕೆ ಲಕ್ಷಾಂತರ ಜನ ಬೀದಿಗಿಳಿದರು. ಜೂನ್ 15ಕ್ಕೆ ಇಲ್ಲಿನ ಸರ್ಕಾರದ ಮುಖ್ಯಸ್ಥೆ ಕ್ಯಾರಿ ಲ್ಯಾಮ್ ಮಸೂದೆ ತಡೆಹಿಡಿದಿದ್ದೇವೆ ಅಂದರು. ಪೂರ್ತಿ ವಾಪಸ್ ತಗೊಳ್ಳಿ ಅನ್ನುವುದು ಜನರ ಪಟ್ಟು. ಪೊಲೀಸರ ವರ್ತನೆ ಬಗ್ಗೆ ಸ್ವತಂತ್ರ ತನಿಖೆಯೂ ಬೇಕು ಅನ್ನುತ್ತಾರೆ. 1997ರಲ್ಲಿ ಬ್ರಿಟಿಷರು ಊರನ್ನು ಚೀನಾಕ್ಕೆ ಬಿಟ್ಟುಕೊಟ್ಟಾಗ ಇಲ್ಲಿನ ಬದುಕು 50 ವರ್ಷ ಹೀಗೇ ಇರುತ್ತದೆ ಅಂತ ಮಾತಾಗಿತ್ತು. ಅಂದರೆ 2047ರವರೆಗೆ. ನನ್ನ ಮಗಳು 2005ರಲ್ಲಿ ಹುಟ್ಟಿದವಳು. ಅವಳ ಗೆಳತಿಯರು 2047ಕ್ಕೆ ತಮಗೆಷ್ಟು ವಯಸ್ಸು ಅಂತ ಲೆಕ್ಕ ಹಾಕಿಟ್ಟುಕೊಂಡಿದ್ದಾರೆ. ನಲವತ್ತೆರಡು. ಹದಿನಾಲ್ಕರ ಮಕ್ಕಳು ಹಾಕೋ ಲೆಕ್ಕವಾ ಇದು?

ಈಗೊಂದು ವಾರದಿಂದ ರಾತ್ರಿ ಹತ್ತಕ್ಕೆ ಸರಿಯಾಗಿ ಕಿಟಕಿಗಳಿಂದ ಕೂಗು ಶುರುವಾಗಿದೆ. 'ಹೊಂಗ್ ಕೊಂಗ್ ಯಾನ್, ಗಾ ಯಾವ್!' ಗಾ ಯಾವ್ ಅಂದರೆ ಎಣ್ಣೆ ಹಾಕು ಅಂತ. ದೀಪ ಸಣ್ಣಗಾದರೆ ನಾವು ಎಣ್ಣೆ ಹಾಕಲ್ವಾ, ಆ ಥರ, ಧೈರ್ಯ ತಗೋ ಅನ್ನೋ ಅರ್ಥ. ಯಾರು ಕೂಗಿದ್ದು ಅಂತ ಕತ್ತಲಲ್ಲಿ ಗೊತ್ತಾಗುವುದಿಲ್ಲ. ಒಂದು ಕಡೆಯಿಂದ ಗಂಡಸಿನ ದನಿ, ಇನ್ನೊಂದು ಕಡೆಯಿಂದ ಚಿಕ್ಕ ಮಗು. ಹತ್ತು ನಿಮಿಷಕ್ಕೆಲ್ಲ ನಿಲ್ಲುತ್ತದೆ. ನಿಮ್ಮ ಮಗ ಕೇಳಿದರೆ ಸುಳ್ಳು ಹೇಳಬೇಡಿ. ಜನಕ್ಕೆ ಬೇಜಾರಾಗಿದೆ, ಹೇಳಿಕೊಳ್ಳುತ್ತಿದ್ದಾರೆ ಅನ್ನಿ. ನಾನೂ ಅಷ್ಟೇ ಹೇಳಿದ್ದು.

ಬಂದ ಹೊಸದರಲ್ಲಿ ಯಾರ ಮುಂದೆಯೂ ಯಾವ ಕಡೆಯವರ ಬಗ್ಗೆಯೂ ತೀರ್ಪು ಕೊಡಬೇಡಿ. ಟ್ಯಾಕ್ಸಿಯಲ್ಲಂತೂ ಬೇಡವೇ ಬೇಡ. ಮೆರವಣಿಗೆಯವರ ಮುಖದ ಫೋಟೋ ತೆಗೆಯಬೇಡಿ. ಕಪ್ಪು ಅಂಗಿ ಚಳವಳಿಯವರದ್ದು. ಬಿಳಿ ಅಂಗಿಯವರು ಜುಲೈ 21ರಂದು ಯುಯೆನ್ ಲಾಂಗ್ ಸ್ಟೇಷನ್‌ನಲ್ಲಿ ಜನರನ್ನು ಹೊಡೆದರು. ಅದಕ್ಕೆ ರಜಾದಿನ ಎರಡೂ ಬೇಡ. ನನ್ನ ಮಕ್ಕಳು ಈ ಬೇಸಿಗೆ ಪೂರ್ತಿ ಹಸಿರು, ಕೆಂಪು ಹಾಕಿದ್ದಾರೆ.

ಸಾಧ್ಯವಾದರೆ ವಾರದ ದಿನ ಬೆಳಿಗ್ಗೆ ಇಳಿಯುವ ವಿಮಾನ ಹಿಡಿಯಿರಿ. 12, 13ರಂದು ವಿಮಾನಗಳೇ ರದ್ದಾದ ಮೇಲೆ ಟಿಕೆಟ್ ಇದ್ದವರನ್ನು ಮಾತ್ರ ಏರ್‌ಪೋರ್ಟ್ ಒಳಗೆ ಬಿಡುತ್ತಿದ್ದಾರೆ. ಇವರು ಒಳಗೆ ಬಂದು ಕರ್ಕೊಂಡು ಬರೋಕೆ ಆಗುವುದಿಲ್ಲ. ಎ21 ಬಸ್ಸು ಹತ್ತಿ, ಕೊನೆಗೆ ಹಂಗ್ ಹಾಮ್ ಸ್ಟೇಷನ್‌ನಲ್ಲಿ ಇಳಿಯಿರಿ, ಅಲ್ಲಿ ನಾವಿರುತ್ತೇವೆ. 30 ದಿನದೊಳಗೆ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು, ಅದನ್ನು ಮುಂದೂಡಬೇಡಿ.

ಸೋಮವಾರ 2ಕ್ಕೆ ಗಣೇಶ. ಅವತ್ತೇ ಇಲ್ಲಿ ಶಾಲೆ ಶುರು, ಅವತ್ತೇ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಗೆ ಬರುತ್ತೇವೆ ಅಂದಿದ್ದಾರೆ. ನಾನು ಕಡುಬಿಗೆ ಹಿಟ್ಟು, ಬೆಲ್ಲ ಈಗಲೇ ತಂದಿಟ್ಟಿದ್ದೇನೆ. ಎದುರು ಮನೆಯ ಅಜ್ಜಿಗೂ ಮೊಮ್ಮಗಳಿಗೂ ಪ್ರತಿ ವರ್ಷದ ಹಾಗೆ ಒಂದು ಡಬ್ಬಿ ಹೋಗುತ್ತದೆ. ನೀವು ಬರುವುದು ಎರಡು ದಿನ ತಡವಾದರೂ ನಿಮ್ಮ ಪಾಲಿನದು ಫ್ರಿಜ್‌ನಲ್ಲಿರುತ್ತದೆ. ಮಗನ ಈಜುಡುಗೆ ಮರೆಯಬೇಡಿ, ಈಜುಕೊಳ ಅಕ್ಟೋಬರ್‌ವರೆಗೂ ತೆರೆದಿರುತ್ತದೆ.