ಗುಂಡು ತಲುಪುವ ಹೊತ್ತು

ಈ ಸಲ ನನ್ನ ಮೇಜಿನ ಮೇಲೆ ಬಂದು ಬಿದ್ದ ಹದಿನೆಂಟು ಪತ್ರಗಳಲ್ಲಿ ಹನ್ನೊಂದು ಉಕ್ರೇನ್ ಯುದ್ಧದ ಕುರಿತೇ ಇವೆ. ಹೊಸ ಓದುಗರಿಗಾಗಿ ಒಂದು ಮಾತು: ನಾನು ಇಪ್ಪತ್ತಾರು ವರ್ಷ ಭಾರತೀಯ ಸೇನೆಯ ತೋಪುಖಾನೆಯಲ್ಲಿದ್ದು ಸುಬೇದಾರನಾಗಿ ನಿವೃತ್ತನಾದವನು. ಮನೆ ಉಡುಪಿಯ ಕಡಿಯಾಳಿಯಲ್ಲಿ. ದೇಶ ದೇಶಗಳ ರಾಜಕೀಯವನ್ನು ಬಿಡಿಸಿ ಹೇಳುವಷ್ಟು ಓದಿದವನಲ್ಲ. ಗುಂಡಿನ ಲೆಕ್ಕ ಬರೆದು ಬರೆದು ಬೆರಳು ಸವೆಸಿದ್ದೇನೆ. ಆ ಲೆಕ್ಕದಿಂದಲೇ ಉತ್ತರಿಸುತ್ತೇನೆ. ಐದು ಪತ್ರಗಳನ್ನು ಆಯ್ದಿದ್ದೇನೆ. ಕೊನೆಯದನ್ನು ದಯವಿಟ್ಟು ಎಲ್ಲರೂ ಓದಿ.

ಪ್ರಶ್ನೆ: ಅಮೆರಿಕ ಉಕ್ರೇನಿಗೆ ಲಕ್ಷ ಲಕ್ಷ ಕೋಟಿ ಕೊಟ್ಟಿದೆ ಎಂದು ಟಿವಿಯಲ್ಲಿ ಹೇಳುತ್ತಾರೆ. ಅಷ್ಟು ಹಣ ಹೋದರೂ ಯುದ್ಧ ಮುಗಿಯಲಿಲ್ಲವೇಕೆ? ಆ ಹಣವೆಲ್ಲ ಎಲ್ಲಿ ಹೋಯಿತು?
– ಬೋಟು ಮಾಲೀಕರು, ಮಲ್ಪೆ

ಉತ್ತರ: ಅಣ್ಣ, ನಿಮ್ಮ ಕಸುಬಿನಿಂದಲೇ ಹೇಳುತ್ತೇನೆ. ಮಳೆಗಾಲದ ರಜೆ ಮುಗಿದು ಆಗಸ್ಟ್ ಒಂದಕ್ಕೆ ಬೋಟು ಕಡಲಿಗಿಳಿಯಬೇಕಾದರೆ ಡೀಸೆಲ್ ಬೇಕು, ಬಲೆ ಬೇಕು, ತಾಂಡೇಲ ಬೇಕು, ಐಸ್ ಬೇಕು. ಐಸ್ ಪ್ಲಾಂಟ್‌ನವರು ದಿನಕ್ಕೆ ಇಷ್ಟೇ ಮಾಡಬಲ್ಲರು ಎಂದಾದರೆ, ನಿಮ್ಮ ಜೇಬಿನಲ್ಲಿ ಎಷ್ಟು ಲಕ್ಷವಿದ್ದರೂ ಅದಕ್ಕಿಂತ ಹೆಚ್ಚು ಐಸ್ ಸಿಗುವುದಿಲ್ಲ. ಉಕ್ರೇನಿನ ಅರ್ಧ ಕಥೆ ಇಲ್ಲಿದೆ.

1999ರ ಕಾರ್ಗಿಲ್ ಯುದ್ಧದಲ್ಲಿ ನಾನು ದ್ರಾಸ್ ವಲಯದಲ್ಲಿ ಬೋಫೋರ್ಸ್ ತೋಪುಗಳ ಬ್ಯಾಟರಿಯೊಂದರಲ್ಲಿ, ಅಂದರೆ ತೋಪುಗಳ ಒಂದು ತುಕಡಿಯಲ್ಲಿ, ಹವಾಲ್ದಾರನಾಗಿದ್ದೆ. ಗುಂಡು ಇಳಿಸಿಕೊಳ್ಳುವುದು, ಎಣಿಸುವುದು, ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. 155 ಮಿಲಿಮೀಟರ್ ಗುಂಡೊಂದು ಸುಮಾರು 45 ಕಿಲೋ ತೂಗುತ್ತದೆ, ಹೆಚ್ಚು ಕಡಿಮೆ ನಮ್ಮ ಒಂದು ಅಕ್ಕಿ ಮುಡಿ. ಟೊಲೊಲಿಂಗ್ ಶಿಖರದಿಂದ ಶತ್ರು ರಸ್ತೆಯನ್ನೇ ನೋಡುತ್ತಿದ್ದುದರಿಂದ ಲಾರಿಗಳು ರಾತ್ರಿ ದೀಪ ಆರಿಸಿಕೊಂಡು ಬರುತ್ತಿದ್ದವು. ಕತ್ತಲಲ್ಲಿ ಲಾರಿಯ ಸದ್ದು ಕೇಳಿದರೆ ಹೋದ ಜೀವ ಬಂದಂತಾಗುತ್ತಿತ್ತು. ಆ ಇಡೀ ಯುದ್ಧದಲ್ಲಿ ನಮ್ಮ ತೋಪುಖಾನೆ ಹಾರಿಸಿದ ಗುಂಡು, ರಾಕೆಟ್ ಎಲ್ಲ ಸೇರಿ ಸುಮಾರು 2.5 ಲಕ್ಷ.

ಈಗ ಉಕ್ರೇನಿಗೆ ಬನ್ನಿ. 2022ರ ಬೇಸಿಗೆಯಲ್ಲಿ ಪೂರ್ವ ಉಕ್ರೇನಿನ ಡಾನ್‌ಬಾಸ್ ಪ್ರದೇಶದಲ್ಲಿ ರಷ್ಯಾ ದಿನವೊಂದಕ್ಕೆ ಸುಮಾರು 20 ಸಾವಿರ ಗುಂಡು ಹಾರಿಸುತ್ತಿತ್ತು ಎಂಬುದು ಪಾಶ್ಚಾತ್ಯ ಸೇನಾ ಪರಿಣತರ ಅಂದಾಜು. ನಮ್ಮ ಕಾರ್ಗಿಲ್‌ನ ಒಟ್ಟು ಮದ್ದುಗುಂಡು ಅಲ್ಲಿ ಹದಿಮೂರು ದಿನಕ್ಕೂ ಸಾಲುತ್ತಿರಲಿಲ್ಲ. ಈ ಭಾಗಾಕಾರವನ್ನು ಮೊದಲ ಸಲ ನೋಟ್‌ಬುಕ್ಕಿನಲ್ಲಿ ಮಾಡಿದ ದಿನ ನಾನು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆ ಗುಂಡುಗಳ ಕೆಳಗಿದ್ದ ಹುಡುಗರನ್ನು ನೆನೆದು.

ಉಕ್ರೇನ್ ಆಗ ದಿನಕ್ಕೆ ಆರು ಸಾವಿರದಷ್ಟು ಹಾರಿಸುತ್ತಿತ್ತು. ಅವರ ಬಳಿ ಇದ್ದುದು ಸೋವಿಯತ್ ಕಾಲದ 122 ಮತ್ತು 152 ಮಿಲಿಮೀಟರ್ ತೋಪುಗಳು. ಅವುಗಳ ಗುಂಡು ಕೆಲವೇ ತಿಂಗಳಲ್ಲಿ ತಳ ಕಂಡಿತು. ಪಾಶ್ಚಾತ್ಯರ 155 ಮಿಲಿಮೀಟರ್ ಗುಂಡು ಆ ತೋಪಿಗೆ ಹೊಂದುವುದಿಲ್ಲ. ಹಾಗಾಗಿ ತೋಪೂ ಬೇಕು, ಗುಂಡೂ ಬೇಕು, ತೋಪು ನಡೆಸುವವನಿಗೆ ಹೊಸ ತರಬೇತಿಯೂ ಬೇಕು. ಯುದ್ಧಕ್ಕೆ ಮೊದಲು ಇಡೀ ಅಮೆರಿಕ ತಿಂಗಳಿಗೆ ತಯಾರಿಸುತ್ತಿದ್ದ 155 ಮಿಲಿಮೀಟರ್ ಗುಂಡು ಸುಮಾರು 14 ಸಾವಿರ. ಉಕ್ರೇನಿನ ಎರಡೂವರೆ ದಿನದ ಖರ್ಚು! ಪೆನ್ಸಿಲ್ವೇನಿಯಾದ ಸ್ಕ್ರಾಂಟನ್‌ನಂಥ ಹಳೆಯ ಕಾರ್ಖಾನೆಗಳಿಗೆ ಹೊಸ ಯಂತ್ರ ತಂದು ಅದನ್ನು ತಿಂಗಳಿಗೆ 40 ಸಾವಿರಕ್ಕೆ ಏರಿಸುವಷ್ಟರಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಯುರೋಪ್ ಒಕ್ಕೂಟ ಹತ್ತು ಲಕ್ಷ ಗುಂಡನ್ನು 2024ರ ಮಾರ್ಚ್ ಒಳಗೆ ಕೊಡುತ್ತೇನೆಂದು ಮಾತು ಕೊಟ್ಟಿತ್ತು. ಗಡುವಿನ ಹೊತ್ತಿಗೆ ತಲುಪಿದ್ದು ಅರ್ಧದಷ್ಟು.

ಇನ್ನು ಹಣ. ಯುದ್ಧ ಶುರುವಾದಂದಿನಿಂದ 2025ರ ಜನವರಿವರೆಗೆ ಅಮೆರಿಕದ ಮಿಲಿಟರಿ ನೆರವು ಸುಮಾರು 66 ಬಿಲಿಯನ್ ಡಾಲರ್, ನಮ್ಮ ಲೆಕ್ಕದಲ್ಲಿ 6,600 ಕೋಟಿ ಡಾಲರ್. ಅದು ನೋಟಿನ ಕಂತೆಯಾಗಿ ಉಕ್ರೇನಿನ ರಾಜಧಾನಿ ಕೀವ್‌ಗೆ ಹೋಗಲಿಲ್ಲ. ದೊಡ್ಡ ಪಾಲು ಅಮೆರಿಕದ ಸೇನೆಯ ಉಗ್ರಾಣದಿಂದ ತೆಗೆದ ಸಾಮಾನಿನ ಬೆಲೆ. ಖಾಲಿಯಾದ ಜಾಗ ತುಂಬಿಸುವ ಹಣ ಅಮೆರಿಕದ ಕಾರ್ಖಾನೆಗಳಿಗೇ ಹೋಗುತ್ತದೆ. 2024ರ ಕೊನೆಗೆ ಯುರೋಪಿನ ದೇಶಗಳು ಕೊಟ್ಟ ಎಲ್ಲ ಬಗೆಯ ನೆರವನ್ನು ಕೂಡಿಸಿದರೆ ಅದು ಅಮೆರಿಕದ್ದನ್ನು ಮೀರಿತ್ತು ಎಂಬುದನ್ನು ಟಿವಿಯವರು ಹೇಳುವುದು ಕಡಿಮೆ.

ಪ್ರಶ್ನೆ: ಪತ್ರಿಕೆಗಳಲ್ಲಿ ‘ಸವೆತದ ಯುದ್ಧ’ ಎಂದು ಬರೆಯುತ್ತಾರೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ಹೇಗೆ ವಿವರಿಸಲಿ? ಇಂಥ ಯುದ್ಧದಲ್ಲಿ ಹೊರಗಿನವರ ನೆರವು ಏನನ್ನು ಬದಲಿಸುತ್ತದೆ?
– ಶಿಕ್ಷಕಿ, ಉಳ್ಳಾಲ

ಉತ್ತರ: ಟೀಚರ್, ನಿಮ್ಮ ಮಕ್ಕಳಿಗೆ ಕಡಲ್ಕೊರೆತ ಗೊತ್ತು. ಅಲೆ ಒಂದೇ ಏಟಿಗೆ ಊರನ್ನು ನುಂಗುವುದಿಲ್ಲ. ಈ ವರ್ಷ ಗಾಳಿಮರದ ಸಾಲು, ಮುಂದಿನ ವರ್ಷ ರಸ್ತೆಯ ಅಂಚು, ಆಮೇಲೆ ಯಾರದೋ ಮನೆಯ ಜಗಲಿ. ತಡೆಯಲು ಹಾಕಿದ ಬಂಡೆಗಳೂ ಮರಳಿನಡಿ ಹೂತು ಹೋಗುತ್ತವೆ, ಮತ್ತೆ ಬಂಡೆ ಬೇಕು. ಸವೆತದ ಯುದ್ಧವೂ ಹಾಗೆಯೇ. ಎದುರಾಳಿಯ ರಾಜಧಾನಿ ಹಿಡಿಯುವ ಆಸೆ ಕೈಬಿಟ್ಟು, ಅವನ ಸೈನಿಕರು, ತೋಪುಗಳು, ಕಾರ್ಖಾನೆ, ಜನರ ತಾಳ್ಮೆ, ಇವು ನನ್ನವಕ್ಕಿಂತ ಮೊದಲು ಮುಗಿಯಲಿ ಎಂದು ಕಾಯುವುದು. 2022ರ ಫೆಬ್ರವರಿ 24ರಂದು ಮೂರು ದಿಕ್ಕಿನಿಂದ ನುಗ್ಗಿದ ರಷ್ಯಾ ಕೀವ್‌ನ ಬಾಗಿಲಿನಿಂದ ಹಿಂದೆ ಸರಿದ ಮೇಲೆ ಈ ಯುದ್ಧ ಹೆಚ್ಚು ಕಡಿಮೆ ಅದೇ ಆಯಿತು.

ಬಾಖ್ಮುತ್ ಎಂಬ ಊರನ್ನು ತೆಗೆದುಕೊಳ್ಳಿ. ಯುದ್ಧಕ್ಕೆ ಮೊದಲು ಅಲ್ಲಿ ಸುಮಾರು 70 ಸಾವಿರ ಜನರಿದ್ದರು. ಅದನ್ನು ಹಿಡಿಯಲು ವಾಗ್ನರ್ ಎಂಬ ಖಾಸಗಿ ಪಡೆ ಜೈಲಿನಿಂದ ಕೈದಿಗಳನ್ನು ತಂದು ಅಲೆ ಅಲೆಯಾಗಿ ಮುಂದೆ ತಳ್ಳಿತು. 2023ರ ಮೇ ತಿಂಗಳಲ್ಲಿ ಊರು ಕೈವಶವಾದಾಗ ಆ ಪಡೆಯ ಒಡೆಯ ಪ್ರಿಗೋಝಿನ್ ತಾನೇ ಬಾಯಿಬಿಟ್ಟು ಹೇಳಿದ ಲೆಕ್ಕ: ತನ್ನವರು ಸತ್ತದ್ದು 20 ಸಾವಿರ, ಅವರಲ್ಲಿ ಅರ್ಧ ಕೈದಿಗಳು. ಉಕ್ರೇನ್ ಕಡೆ ಸತ್ತವರು ಬೇರೆ. ಗೆದ್ದವನ ಕೈಗೆ ಬಂದದ್ದು ಸುಟ್ಟ ಗೋಡೆಗಳು.

ನೆರವು ಏನನ್ನು ಬದಲಿಸುತ್ತದೆ ಎಂದು ಕೇಳಿದ್ದೀರಿ. ಮಕ್ಕಳಿಂದ ಒಂದು ಕೆಲಸ ಮಾಡಿಸಿ. ಹಾಳೆಯ ಎಡಕ್ಕೆ ಉಕ್ರೇನ್ ಕೇಳಿದ ಕಾಲ, ಬಲಕ್ಕೆ ಸಾಮಾನು ತಲುಪಿದ ಕಾಲ ಬರೆಯಲಿ. ಸುಮಾರು 80 ಕಿಲೋಮೀಟರ್ ದೂರ ಹೊಡೆಯುವ ಹೈಮಾರ್ಸ್ ರಾಕೆಟ್ ವ್ಯವಸ್ಥೆ 2022ರ ಜೂನ್‌ನಲ್ಲಿ ಬಂತು, ತುಸು ಬೇಗ ಎನ್ನಬಹುದಾದದ್ದು ಅದೊಂದೇ. ಕೆಲವೇ ವಾರಗಳಲ್ಲಿ ರಷ್ಯಾದ ಮದ್ದುಗುಂಡಿನ ಉಗ್ರಾಣಗಳು ಸಿಡಿದವು, ನೀಪರ್ ನದಿಯ ಸೇತುವೆಗಳು ಕೆಟ್ಟವು, ನವೆಂಬರ್ 11ಕ್ಕೆ ಖೆರ್ಸೊನ್ ನಗರ ಮತ್ತೆ ಉಕ್ರೇನಿನದಾಯಿತು. ಹೊತ್ತಿಗೆ ಬಂದ ನೆರವು ಏನು ಮಾಡಬಲ್ಲದು ಎಂಬುದಕ್ಕೆ ನಾನು ಇದನ್ನೇ ತೋರಿಸುತ್ತೇನೆ.

ಮುಂದಿನ ಸಾಲುಗಳನ್ನು ಬರೆಯುವಾಗ ನೋವಾಗುತ್ತದೆ. ಜರ್ಮನಿ ಲೆಪರ್ಡ್ ಟ್ಯಾಂಕುಗಳಿಗೆ ಒಪ್ಪಿದ್ದು 2023ರ ಜನವರಿ 25ರಂದು. ಅವು ಬಂದು, ಹುಡುಗರು ಕಲಿತು, ಜೂನ್‌ನಲ್ಲಿ ಪ್ರತಿದಾಳಿ ಶುರುವಾಗುವಷ್ಟರಲ್ಲಿ ರಷ್ಯಾ ದಕ್ಷಿಣದಲ್ಲಿ ಕಂದಕ ತೋಡಿ, ನೆಲಬಾಂಬು ಹೂತು, ಸಾಲು ಸಾಲು ಕೋಟೆ ಕಟ್ಟಿಯಾಗಿತ್ತು. ಎಫ್-16 ವಿಮಾನ ಆಕಾಶದಲ್ಲಿ ಕಂಡದ್ದು 2024ರ ಆಗಸ್ಟ್‌ನಲ್ಲಿ. 2023ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಕೇಳಿದ ಸುಮಾರು 61 ಬಿಲಿಯನ್ ಡಾಲರಿನ ನೆರವಿಗೆ ಅಲ್ಲಿನ ಸಂಸತ್ತು ಒಪ್ಪಿ ಸಹಿ ಬಿದ್ದದ್ದು 2024ರ ಏಪ್ರಿಲ್ 24ಕ್ಕೆ. ಆ ಆರು ತಿಂಗಳಲ್ಲಿ ಉಕ್ರೇನಿನ ತೋಪುಗಳು ದಿನಕ್ಕೆ ಎರಡು ಸಾವಿರ ಗುಂಡಿನ ಪಡಿತರದಲ್ಲಿ ಬದುಕಿದವು. ಎದುರಿನವರು ಅದರ ಹಲವು ಪಟ್ಟು ಹಾರಿಸುತ್ತಿದ್ದರು. ಫೆಬ್ರವರಿ 17ರಂದು ಅವ್ದೀವ್ಕಾ ಪಟ್ಟಣವನ್ನು ಬಿಟ್ಟು ಹೊರಡಬೇಕಾಯಿತು.

ಗುಂಡಿಲ್ಲದ ತೋಪಿನ ಪಕ್ಕ ನಿಂತವನಿಗೆ ಮಾತ್ರ ಆ ದಿನಗಳ ಅರ್ಥ ತಿಳಿಯುತ್ತದೆ. ಮುಂದಿನ ಕಂದಕದ ಕಾಲಾಳು ರೇಡಿಯೊದಲ್ಲಿ ಕೇಳುತ್ತಾನೆ, ‘ಗುಂಡು ಹಾಕಿ, ಅವರು ಬರುತ್ತಿದ್ದಾರೆ.’ ನೀವು ಪೆಟ್ಟಿಗೆ ಎಣಿಸಿ ‘ಇನ್ನೂ ಹತ್ತಿರ ಬರಲಿ’ ಎನ್ನಬೇಕು. ಕಾರ್ಗಿಲ್‌ನಲ್ಲಿ ಒಂದು ರಾತ್ರಿ ನಮಗೂ ಹೀಗಾಗಿತ್ತು. ಲಾರಿ ಬೆಳಗಿನ ಜಾವ ಬಂತು. ನಾನು ಈಗಲೂ ಆ ನಾಲ್ಕು ಗಂಟೆಗಳನ್ನು ಎಣಿಸುತ್ತೇನೆ. ಅವರು ಆರು ತಿಂಗಳು ಕಾದರು. ಗುಂಡು ಇಲ್ಲದಲ್ಲಿ ಮನುಷ್ಯನನ್ನು ಇಟ್ಟು ಗೆರೆ ಕಾಯಬೇಕಾಗುತ್ತದೆ ಟೀಚರ್. ತಡವಾದ ನೆರವಿನ ಬಡ್ಡಿ ಹೀಗೆ ಕಟ್ಟಲ್ಪಡುತ್ತದೆ.

ಕೊಡುವವರ ಅಂಜಿಕೆಯೂ ಸುಳ್ಳಲ್ಲ. ರಷ್ಯಾದ ಕೈಯಲ್ಲಿ ಅಣ್ವಸ್ತ್ರವಿದೆ, ಕೊಟ್ಟವರ ಉಗ್ರಾಣವೂ ಖಾಲಿಯಾಗುತ್ತಿತ್ತು. ಆದರೆ 1994ರ ಬುಡಾಪೆಸ್ಟ್ ಒಪ್ಪಂದದಲ್ಲಿ ಉಕ್ರೇನ್ ತನ್ನ ನೆಲದಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಟ್ಟಾಗ ಅದರ ಗಡಿಯನ್ನು ಗೌರವಿಸುತ್ತೇವೆ ಎಂದು ಸಹಿ ಹಾಕಿದವರಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ಇದ್ದರು. ಇದನ್ನೂ ಮಕ್ಕಳಿಗೆ ಹೇಳಿ.

ರಷ್ಯಾವೂ ಒಂಟಿಯಾಗಿಲ್ಲ. ಉತ್ತರ ಕೊರಿಯಾದಿಂದ ಹಡಗು ಹಡಗು ಗುಂಡು ಬಂತು, 2024ರ ಕೊನೆಗೆ ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರೂ ಬಂದರು. ಇರಾನಿನ ಶಾಹೆದ್ ಡ್ರೋನ್ ಈಗ ರಷ್ಯಾದ ತಾತಾರ್‌ಸ್ತಾನದಲ್ಲೇ ತಯಾರಾಗುತ್ತಿದೆ. ಆದರೆ ಮನುಷ್ಯರನ್ನು ಯಾವ ಕಾರ್ಖಾನೆಯೂ ಮಾಡಿಕೊಡುವುದಿಲ್ಲ. ಯುದ್ಧಕ್ಕೆ ಮೊದಲು ಉಕ್ರೇನಿನ ಜನಸಂಖ್ಯೆ ನಾಲ್ಕು ಕೋಟಿಯ ಆಸುಪಾಸು, ರಷ್ಯಾದ್ದು ಹದಿನಾಲ್ಕು ಕೋಟಿ ಮೀರಿದ್ದು. 2024ರಲ್ಲಿ ಉಕ್ರೇನ್ ಕಡ್ಡಾಯ ಸೇನಾ ಭರ್ತಿಯ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿತು. ಆ ವರ್ಷದ ಡಿಸೆಂಬರ್‌ನಲ್ಲಿ ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಹೇಳಿದ ಪ್ರಕಾರ ಸತ್ತ ಉಕ್ರೇನ್ ಸೈನಿಕರು 43 ಸಾವಿರ. ರಷ್ಯಾದ ಸ್ವತಂತ್ರ ಪತ್ರಿಕೆ ಮೀಡಿಯಾಝೋನಾ ಮತ್ತು ಬಿಬಿಸಿಯ ರಷ್ಯನ್ ವಿಭಾಗದವರು ಶೋಕವಾರ್ತೆ, ಸಮಾಧಿಗಳನ್ನು ನೋಡಿ ಹೆಸರು ಹಿಡಿದು ಎಣಿಸಿದ ರಷ್ಯನ್ ಸೈನಿಕರ ಸಾವು 2025ರಲ್ಲಿ ಒಂದು ಲಕ್ಷ ದಾಟಿತು. ಹೆಸರು ಸಿಗದವರು ಈ ಪಟ್ಟಿಯ ಹೊರಗಿದ್ದಾರೆ.

ಪ್ರಶ್ನೆ: ಈಗ ಎಲ್ಲವೂ ಡ್ರೋನ್ ಅಲ್ಲವೇ ಸರ್? ತೋಪುಗಳ ಕಾಲ ಮುಗಿಯಿತೇ?
– ಪದವಿ ವಿದ್ಯಾರ್ಥಿ, ಕುಂದಾಪುರ

ಉತ್ತರ: ಮುಗಿದಿಲ್ಲ ತಮ್ಮ, ಆದರೆ ಬದಲಾಗಿದೆ. ಗುಂಡಿಗೆ ಬರ ಬಂದ ಆ ಚಳಿಗಾಲದಲ್ಲೇ ಉಕ್ರೇನ್ ಚಿಕ್ಕ ಡ್ರೋನ್‌ಗಳತ್ತ ಜೋರಾಗಿ ತಿರುಗಿತು. ಕೆಲವು ನೂರು ಡಾಲರಿನ ಡ್ರೋನ್ ಲಕ್ಷಗಟ್ಟಲೆ ಡಾಲರಿನ ಟ್ಯಾಂಕನ್ನು ಹೊಡೆಯಬಲ್ಲದು. 2024ರಲ್ಲಿ ಅವರು ಹತ್ತು ಲಕ್ಷಕ್ಕೂ ಹೆಚ್ಚು ಡ್ರೋನ್ ತಯಾರಿಸಿದರು. ರೇಡಿಯೊ ಸಂಕೇತವನ್ನು ಕೆಡಿಸುವ ಯಂತ್ರಗಳು ಬಂದಾಗ ಎಳೆ ಎಳೆಯಾಗಿ ಬಿಚ್ಚಿಕೊಳ್ಳುವ ಫೈಬರ್ ಕೇಬಲ್ ಕಟ್ಟಿದ ಡ್ರೋನ್‌ಗಳು ಬಂದವು. ಮಳೆ, ಮಂಜು, ಗಾಳಿಯಲ್ಲಿ ಮಾತ್ರ ತೋಪನ್ನೇ ನಂಬಬೇಕು. ನೀನು ಎಂಜಿನಿಯರಿಂಗ್ ಕಡೆ ಹೋಗುವವನಾದರೆ ಕಲಿಯಲು ಬಹಳ ಇದೆ. ಆದರೆ ಮೊಬೈಲಿನಲ್ಲಿ ಬರುವ ಆ ಡ್ರೋನ್ ವಿಡಿಯೊಗಳನ್ನು ಆಟದಂತೆ ನೋಡಬೇಡ. ಕೊನೆಯ ಚಿತ್ರದಲ್ಲಿ ಕೈ ಅಡ್ಡ ಹಿಡಿಯುವವನು ನಿನ್ನ ವಯಸ್ಸಿನವನು.

ಪ್ರಶ್ನೆ: ನಾವು ಕೊಳ್ಳುವ ರಷ್ಯಾದ ಕಚ್ಚಾ ತೈಲವೂ ಈ ಯುದ್ಧ ನಡೆಸುತ್ತದೆಯೇ?
– ಓದುಗರು, ಸುರತ್ಕಲ್

ಉತ್ತರ: ಹೌದು, ಒಂದು ಪಾಲು. ಯುದ್ಧಕ್ಕೆ ಮೊದಲು ನಮ್ಮ ದೇಶ ತರಿಸುತ್ತಿದ್ದ ತೈಲದಲ್ಲಿ ರಷ್ಯಾದ್ದು ನೂರಕ್ಕೆ ಎರಡಕ್ಕಿಂತ ಕಡಿಮೆ. 2024ರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ನಿಮ್ಮೂರಿನ ಪಕ್ಕದ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್ ಕೂಡ ಅದನ್ನು ಕೊಂಡಿದೆ. ಬಡ ದೇಶಕ್ಕೆ ಅಗ್ಗದ ತೈಲ ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಸ್ಕೂಟರಿಗೂ ಅದೇ ಪೆಟ್ರೋಲು. ಆದರೆ ರಷ್ಯಾದ ಬೊಕ್ಕಸದ ದೊಡ್ಡ ಆದಾಯ ತೈಲ ಮತ್ತು ಅನಿಲದ್ದು, ಆ ಬೊಕ್ಕಸದಿಂದಲೇ ಸೈನಿಕನ ಸಂಬಳ ಹೋಗುತ್ತದೆ ಎಂಬುದನ್ನು ತಿಳಿದೇ ಕೊಳ್ಳೋಣ.

ಪ್ರಶ್ನೆ: ನನ್ನ ಮಗನಿಗೆ 23 ವರ್ಷ. ಹೋಟೆಲ್ ಕೆಲಸ ಬಿಟ್ಟು ಕುಳಿತಿದ್ದಾನೆ. ರಷ್ಯಾದಲ್ಲಿ ಸೇನೆಗೆ ‘ಸಹಾಯಕ’ನ ಕೆಲಸವಿದೆ, ಯುದ್ಧಕ್ಕೆ ಹೋಗುವುದು ಬೇಡ, ಒಂದೇ ವರ್ಷ ಎಂದು ಏಜೆಂಟ್ ಒಬ್ಬ ಹೇಳುತ್ತಿದ್ದಾನೆ. ಕಳುಹಿಸಬಹುದೇ?
– ತಾಯಿ, ಕಾಪು

ಉತ್ತರ: ಬೇಡ ಅಕ್ಕ. ಖಂಡಿತ ಬೇಡ.

ಮೇಲೆ ಬರೆದ ಸವೆತ ನಿಮ್ಮ ಮನೆಯ ಬಾಗಿಲಿಗೆ ಬಂದದ್ದು ಈ ಏಜೆಂಟನ ರೂಪದಲ್ಲಿ. ತನ್ನ ಜನರನ್ನು ಮತ್ತೆ ಬಲವಂತವಾಗಿ ಕರೆದರೆ ಊರಲ್ಲಿ ಅಸಮಾಧಾನ ಏಳುತ್ತದೆಂದು ರಷ್ಯಾ ದೊಡ್ಡ ಮೊತ್ತ ಕೊಟ್ಟು ಸೈನಿಕರನ್ನು ಸೇರಿಸಿಕೊಳ್ಳುತ್ತಿದೆ, ಹೊರದೇಶದವರನ್ನೂ. ಕಲಬುರಗಿ ಜಿಲ್ಲೆಯ ಯುವಕರು ಇದೇ ರೀತಿ ಕೆಲಸದ ಮಾತು ನಂಬಿ ಹೋಗಿ ಯುದ್ಧಭೂಮಿ ಸೇರಿದರು. 2024ರ ಸೆಪ್ಟೆಂಬರ್‌ನಲ್ಲಿ ಅವರು ಮರಳಿದ್ದು ಅವರ ಹೆತ್ತವರ ಪುಣ್ಯ. 2025ರ ಜನವರಿಯಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕ ಹೀಗಿತ್ತು: ರಷ್ಯಾದ ಸೇನೆಯಲ್ಲಿದ್ದ ಭಾರತೀಯರು 126, ಮರಳಿದವರು 96, ಸತ್ತವರು 12, ಸುಳಿವೇ ಸಿಗದವರು 16.

‘ಸಹಾಯಕ’ ಎಂಬ ಮಾತಿಗೆ ಮೋಸಹೋಗಬೇಡಿ. ಗುಂಡು ಹೊರುವುದೂ ಕಂದಕ ತೋಡುವುದೂ ಸಹಾಯಕನ ಕೆಲಸವೇ. ಡ್ರೋನ್ ಮೊದಲು ಹುಡುಕುವುದು ಗುಂಡು ತರುವ ಗಾಡಿಯನ್ನು, ಅದನ್ನು ಇಳಿಸಿಕೊಳ್ಳುವವನನ್ನು. ನಾನು ಮಾಡಿದ ಕೆಲಸ ಅದು, ನನಗೆ ಗೊತ್ತು. ‘ಒಂದೇ ವರ್ಷ’ ಎಂಬುದನ್ನೂ ನಂಬಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ರಷ್ಯಾ ಹೊರಡಿಸಿದ ಸೇನಾ ಭರ್ತಿಯ ಆದೇಶದ ನಂತರ ಅಲ್ಲಿನ ಸೇನೆಯ ಒಪ್ಪಂದಗಳು ಅವಧಿ ಮುಗಿದರೂ ಮುಗಿಯುವುದಿಲ್ಲ. ಕಾಗದ ರಷ್ಯನ್ ಭಾಷೆಯಲ್ಲಿರುತ್ತದೆ, ಸಹಿ ನಿಮ್ಮ ಮಗನದಿರುತ್ತದೆ.

ಸಂಪಾದಕರಿಂದ ನಿಮ್ಮ ವಿಳಾಸ ಪಡೆದು ಬೇರೆಯೇ ಒಂದು ಕಾಗದ ಹಾಕಿದ್ದೇನೆ, ಅದರಲ್ಲಿ ನನ್ನ ಮನೆಯ ಗುರುತಿದೆ. ಭಾನುವಾರ ಇಡೀ ದಿನ ಮನೆಯಲ್ಲೇ ಇರುತ್ತೇನೆ. ಮಗನನ್ನು ಕರೆದುಕೊಂಡು ಬನ್ನಿ, ಏಜೆಂಟ್ ಕೊಟ್ಟ ಕಾಗದಗಳಿದ್ದರೆ ತನ್ನಿ. ಅಷ್ಟರವರೆಗೆ ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ.