ಕ್ಯಾನ್ಸರ್ ನೋವಿಗೆ ಮಾರ್ಫಿನ್ ಕೊಡುತ್ತಿರುವಾಗ ಉಸಿರಾಟದ ಅಭ್ಯಾಸ, ಆಪ್ತಸಮಾಲೋಚನೆ ಏಕೆ ಬೇಕು?

ಇವು ಔಷಧಕ್ಕೆ ಬದಲಿಯಲ್ಲ; ಔಷಧ ತಲುಪದ ಕಡೆ ತಲುಪುವ ನೆರವುಗಳು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಪ್ರಕಟಿಸಿದ ಮೂರು ಮೆಟ್ಟಿಲುಗಳ ಕ್ರಮದಲ್ಲಿ ಪ್ಯಾರಸಿಟಮಾಲ್‌ನಂಥ ಔಷಧಗಳಿಂದ ಆರಂಭಿಸಿ, ನೋವು ಹೆಚ್ಚಿದಂತೆ ಮಾರ್ಫಿನ್‌ವರೆಗೆ ಏರಲಾಗುತ್ತದೆ. ತೀವ್ರ ನೋವಿದ್ದರೆ ನೇರವಾಗಿ ಮಾರ್ಫಿನ್‌ನಿಂದಲೇ ಆರಂಭಿಸುವುದೂ ಉಂಟು. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಮಾತ್ರ ಇರುವುದರಿಂದ, ನಿರಂತರ ನೋವಿರುವವರು ಅದು ಮರುಕಳಿಸುವವರೆಗೆ ಕಾಯದೆ, ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಸೇವಿಸಬೇಕು. ಚಟವಾದೀತೆಂದು ಮನೆಯವರೇ ಪ್ರಮಾಣ ಕಡಿಮೆ ಮಾಡುವುದು ತಪ್ಪು. ನಿಜವಾಗಿ ಕಾಡುವುದು ಮಲಬದ್ಧತೆ. ಅದಕ್ಕೆ ಮೊದಲ ದಿನದಿಂದಲೇ ಔಷಧ ಕೇಳಿ ಪಡೆಯಬೇಕು.

ಆದರೆ ಭಯ, ನಿದ್ರಾಹೀನತೆ, ಒಂಟಿತನಗಳು ಅದೇ ನೋವನ್ನು ಇನ್ನಷ್ಟು ಅಸಹನೀಯವಾಗಿಸುತ್ತವೆ. ಗಾಯದ ಪಟ್ಟಿ ಬದಲಿಸುವ ಮೊದಲು ಕೆಲವು ನಿಮಿಷ, ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಬಿಗಿದ ಸ್ನಾಯುಗಳು ಸಡಿಲಗೊಂಡು, ಆತಂಕ ತಗ್ಗುತ್ತದೆ. ಮಕ್ಕಳ ಓದು, ಸಾಲ ಮುಂತಾದ ಚಿಂತೆಗಳಿಗೆ ಮಾತ್ರೆಯಿಲ್ಲ. ಅಲ್ಲಿ ಬೇಕಾಗುವುದು ಆಪ್ತಸಮಾಲೋಚಕರು ಮತ್ತು ಸಮಾಜ ಕಾರ್ಯಕರ್ತರು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕರುಣಾಶ್ರಯ ಎಂಬ ಆರೈಕೆ ಕೇಂದ್ರ ಇಂಥ ನೆರವನ್ನು ಉಚಿತವಾಗಿ ನೀಡುತ್ತದೆ.

ಆದರೆ ಬೆನ್ನುನೋವಿನೊಂದಿಗೆ ಕಾಲುಗಳು ಬಲ ಕಳೆದುಕೊಂಡರೆ ಈ ಅಭ್ಯಾಸಗಳಲ್ಲಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು; ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು.